ಪಾರಿವಾಳಕ್ಕೆ ಜಾಳಿ ಕಟ್ಟುತ್ತಿದ್ದ ಅಣ್ಣ

ಅವರು ತೀರಿಕೊಂಡ ಸುದ್ದಿಯನ್ನು ನನಗೆ ಹೇಳಿದವನು ನಮ್ಮ ಸೊಸೈಟಿಯ ವಾಚ್‌ಮನ್. ಬೆಳಿಗ್ಗೆ ಹಾಲಿನ ಪ್ಯಾಕೆಟ್ ತರಲು ಕೆಳಗೆ ಇಳಿದಿದ್ದೆ. "ಸಾಬ್, ವೋ ಜಾಳಿವಾಲಾ ಅಣ್ಣಾ ಗುಜರ್ ಗಯಾ, ಪರಸೋಂ" ಎಂದ. ಹೇಳಿದವನೇ ಗೇಟಿನ ಕಡೆ ತಿರುಗಿ ಸ್ಕೂಲ್ ಬಸ್ಸಿಗೆ ಸೀಟಿ ಊದಿದ. ನಾನು ಹಾಲು ಮರೆತು ಲಿಫ್ಟ್ ಹತ್ತಿ, ಮನೆಗೆ ಹೋಗದೆ ನೇರ ತಾರಸಿಗೆ ಹೋದೆ. ಸೋಲಾರ್ ಪ್ಯಾನಲ್ಲುಗಳ ಸುತ್ತ ಅವರು ಕಟ್ಟಿದ್ದ ತಂತಿಯ ಜಾಳಿ ಇದ್ದ ಹಾಗೇ ಇತ್ತು, ಒಂದು ಕ್ಲಿಪ್ಪೂ ಸಡಿಲವಾಗಿರಲಿಲ್ಲ. ನೀರಿನ ಟಾಕಿಯ ಮೇಲೆ ಪಾರಿವಾಳಗಳು ಸಾಲಾಗಿ ಕೂತು ಗುಟುರು ಹಾಕುತ್ತಿದ್ದವು. ಅವುಗಳನ್ನು ನೋಡಿ ನನಗೆ ವಿಪರೀತ ಸಿಟ್ಟು ಬಂತು. ಯಾರ ಮೇಲಿನ ಸಿಟ್ಟು ಎಂದು ಆಗ ವಿಚಾರ ಮಾಡಲಿಲ್ಲ. ಈಗ ಬರೆಯಲು ಕೂತ ಮೇಲೆ ಮಾಡಲೇಬೇಕಾಗಿದೆ.

ಅವರಿಗೆ ಒಂದು ಹೆಸರಿತ್ತು, ಆದರೆ ಅದನ್ನು ಹಿಡಿದು ಕರೆದವರನ್ನು ನಾನು ಕಾಣೆ. ಈ ಮುಂಬಯಿ ಸೀಮೆಯಲ್ಲಿ ದಕ್ಷಿಣದ ಕಡೆಯ ಗಂಡಸು ಯಾರೇ ಇರಲಿ, ಅವನು ಅಣ್ಣಾ. ನಾನು ಧಾರವಾಡದವನು, ನನ್ನನ್ನೂ ತರಕಾರಿಯವನು ಅಣ್ಣಾ ಎಂದೇ ಕರೆದು ಕೊಳೆತ ಟೊಮೆಟೊ ಹಾಕುತ್ತಾನೆ. ಅವರು ಉಡುಪಿಯ ಕಡೆಯ ಕಡಲ ತೀರದವರು. ಮೊದಲು ದೋಸೆ ಅಣ್ಣ ಆಗಿದ್ದರು, ಆಮೇಲೆ ಜಾಳಿ ಅಣ್ಣ ಆದರು. ಅವರ ಮನೆಯವರನ್ನು ಬಿಟ್ಟರೆ ಎರಡೂ ಅವತಾರಗಳನ್ನು ಕಂಡವನು ಬಹುಶಃ ನಾನೊಬ್ಬನೇ.

ಎರಡು ಸಾವಿರದ ಇಸವಿಯ ಆಚೀಚೆ ನಾನು ಡೊಂಬಿವಲಿಯಲ್ಲಿ ಬಾಡಿಗೆಗಿದ್ದೆ. ಕಲ್ಯಾಣದ ಒಂದು ಕಚೇರಿಯಲ್ಲಿ ಗುಮಾಸ್ತಿಕೆ. ಸ್ಟೇಷನ್ನಿನ ಪೂರ್ವಕ್ಕೆ ಒಂದು ಸಣ್ಣ ಸಸ್ಯಾಹಾರಿ ಹೋಟೆಲು, ಅದರ ಕಾವಲಿಯ ಮುಂದೆ ಅವರು. ಮೊದಲ ದೋಸೆಯನ್ನು ಯಾವ ಗಿರಾಕಿಗೂ ಕೊಡುತ್ತಿರಲಿಲ್ಲ. ಅದನ್ನು ಚೂರು ಮಾಡಿ ಹಿಂಬದಿಯ ಕಿಟಕಿಯಿಂದ ಹೊರಗಿನ ಸಜ್ಜಾದ ಮೇಲೆ ಎಸೆಯುತ್ತಿದ್ದರು. ಕಾಗೆಗೆ ಎಂದು ಅವರು ಎಸೆದದ್ದು, ಬಂದದ್ದು ಪಾರಿವಾಳ. ಒಂದು ಬಂತು, ನಾಲ್ಕು ಬಂದವು, ಆರು ತಿಂಗಳಲ್ಲಿ ಅಡುಗೆಮನೆಯ ಹಿಂದಿನ ಗಾಳಿಗೂಡಿನಲ್ಲೆಲ್ಲ ಅವುಗಳದೇ ಸಂಸಾರ. ಒಂದು ದಿನ ಸಾಂಬಾರಿನ ಹಂಡೆಗೆ ಗರಿ ಬಿತ್ತು. ಮಾಲೀಕರು ಎಲ್ಲರೆದುರು ಬೈದರು. ಅಣ್ಣ ಒಂದು ವಾರ ರಜೆ ಹಾಕಿ ಊರಿಗೆ ಹೋದರು. ಬರುವಾಗ ಮೀನಿನ ಹಳೆಯ ನೈಲಾನ್ ಬಲೆ ಹೊತ್ತುಕೊಂಡು ಬಂದು ಗಾಳಿಗೂಡಿನ ಬಾಯಿಗೆ ತಾವೇ ಕಟ್ಟಿದರು. ಅವರ ತಂದೆ ಊರಿನ ದೋಣಿಗಳಿಗೆ ಬಲೆ ಹೆಣೆದು ಕೊಡುತ್ತಿದ್ದವರಂತೆ, ಆ ಗಂಟು ಇವರ ಬೆರಳಿನಲ್ಲಿತ್ತು.

"ಕರದವರೂ ನೀವ, ಓಡಿಸಿದವರೂ ನೀವ, ಭಾಳ ಶ್ಯಾಣ್ಯಾ ಇದ್ದೀರಿ" ಎಂದು ನಾನು ಕಾಲೆಳೆದೆ.

"ಹೌದು ಮಾರಾಯ್ರೆ, ನಾನೇ ಊಟಕ್ಕೆ ಕರೆದು ನಾನೇ ಬಾಗಿಲು ಹಾಕಿದ ಹಾಗೆ ಆಯ್ತು. ಮನಸ್ಸಿಗೆ ಒಂಥರಾ ಉಂಟು" ಎಂದರು. ನಾನು ತಮಾಷೆ ಮಾಡಿದ್ದು, ಅವರು ನಿಜವಾಗಿ ಉತ್ತರ ಕೊಟ್ಟರು. ಈ ಮನುಷ್ಯನ ಹತ್ತಿರ ತಮಾಷೆ ಮಾಡುವುದರಲ್ಲಿ ಅದೊಂದು ತೊಂದರೆ ಇತ್ತು.

ಆಮೇಲೆ ಆ ಹೋಟೆಲು ಮುಚ್ಚಿ ಮೊಬೈಲ್ ಅಂಗಡಿಯಾಯಿತು. ನಾನು ಠಾಣೆಗೆ ಮನೆ ಬದಲಿಸಿದೆ. ಹತ್ತು ಹನ್ನೆರಡು ವರ್ಷ ಅವರ ಸುದ್ದಿಯೇ ಇರಲಿಲ್ಲ. ನಿವೃತ್ತನಾದೆ, ಕೆಲಸವಿಲ್ಲದ ಗಂಡಸಿಗೆ ಈ ಊರಿನಲ್ಲಿ ಸಿಗುವ ಪದವಿಯಾದ ಸೊಸೈಟಿಯ ಸೆಕ್ರೆಟರಿಗಿರಿ ನನಗೂ ಸಿಕ್ಕಿತು. ನನ್ನ ಹೆಂಡತಿ ಅದನ್ನು ಕೊರಳಿಗೆ ಕಟ್ಟಿಕೊಂಡ ಗಂಟೆ ಎನ್ನುತ್ತಿದ್ದಳು. ನಾನು ಮಾತ್ರ ಬಹಳ ಗಂಭೀರವಾಗಿ ತೆಗೆದುಕೊಂಡೆ. ತಾರಸಿಯ ಮೇಲೆ ಸೋಲಾರ್ ಹಾಕಿಸಿ ಲಿಫ್ಟು, ಪಂಪು, ಮೆಟ್ಟಿಲ ದೀಪ ಎಲ್ಲ ಬಿಸಿಲಿನಿಂದಲೇ ನಡೆಸೋಣ ಎಂದು ಸಭೆಯಲ್ಲಿ ವಾದಿಸಿ, ಅರ್ಧ ಜನರ ವಿರೋಧ ಕಟ್ಟಿಕೊಂಡು ಹಾಕಿಸಿಯೂ ಬಿಟ್ಟೆ. ಮೊದಲ ವರ್ಷ ನನ್ನ ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ. ಎರಡನೆಯ ವರ್ಷ ಪಾರಿವಾಳಗಳು ಬಂದವು.

ಪ್ಯಾನಲ್ಲುಗಳನ್ನು ಓರೆಯಾಗಿ ಕಬ್ಬಿಣದ ಕಾಲುಗಳ ಮೇಲೆ ನಿಲ್ಲಿಸಿರುತ್ತಾರೆ. ಕೆಳಗೆ ನೆರಳು, ಮಳೆ ತಾಗುವುದಿಲ್ಲ, ಬೆಕ್ಕು ನುಗ್ಗುವುದಿಲ್ಲ. ಪಾರಿವಾಳಕ್ಕೆ ಇದಕ್ಕಿಂತ ಒಳ್ಳೆಯ ಬಾಣಂತಿ ಕೋಣೆ ಬೇರೆ ಯಾವುದು? ಕೆಳಗೆಲ್ಲ ಗೂಡು, ಮೇಲೆಲ್ಲ ಹಿಕ್ಕೆ. ಕೇಬಲ್ಲುಗಳ ಸಿಪ್ಪೆ ಕಿತ್ತು ಬಂದಿತ್ತು. ಕರೆಂಟು ಇಳಿಯುತ್ತಾ ಹೋಯಿತು. ವಿರೋಧಿಸಿದ್ದ ಅರ್ಧ ಜನಕ್ಕೆ ಹಬ್ಬವಾಯಿತು. ಕೊನೆಗೆ ಪ್ಯಾನಲ್ ಹಾಕಿದ ಕಂಪನಿಯವನು ಫೋನಿನಲ್ಲಿ, "ಮೇ ಕೊನೆಗೆ ನಮ್ಮ ಇಂಜಿನಿಯರ್ ತಪಾಸಣೆಗೆ ಬರ್ತಾರೆ. ಗೂಡು, ಹಿಕ್ಕೆ ಕಂಡರೆ ವಾರಂಟಿ ಇಲ್ಲ" ಎಂದ. ನಾನು ಎಲ್ಲ ಕಡೆ ವಿಚಾರಿಸಿದೆ. ಹಕ್ಕಿಗೆ ಜಾಳಿ ಕಟ್ಟುವವನೊಬ್ಬ ಕಲ್ಯಾಣದಲ್ಲಿದ್ದಾನೆ, ನವಿ ಮುಂಬಯಿಯ ಫ್ಯಾಕ್ಟರಿಗಳಿಗೂ ಅವನೇ ಹೋಗುವುದು ಎಂದು ಯಾರೋ ನಂಬರು ಕೊಟ್ಟರು. ಏಪ್ರಿಲ್ಲಿನ ಒಂದು ಬೆಳಿಗ್ಗೆ ಹೆಗಲ ಮೇಲೆ ತಂತಿ ಜಾಳಿಯ ಸುರುಳಿ ಹೊತ್ತು ಲಿಫ್ಟಿನಿಂದ ಇಳಿದವರು ನಮ್ಮ ದೋಸೆ ಅಣ್ಣ.

ತಲೆ ಬೆಳ್ಳಗಾಗಿತ್ತು, ಹೆಗಲು ಒಂದು ಕಡೆಗೆ ವಾಲಿತ್ತು. ನನ್ನನ್ನು ನೋಡಿದ ಕೂಡಲೇ, "ಇವತ್ತು ಎಂತ, ಉಪ್ಪಿಟ್ಟಾ ಸೆಟ್ ದೋಸೆಯಾ?" ಎಂದು ಕೇಳಿದರು. ನಾನು ಅವರ ಹೆಗಲಿನ ಸುರುಳಿಗೆ ಕೈ ಕೊಟ್ಟೆ.

ಅವರು ಅಂದೇ ಕೆಲಸ ಶುರು ಮಾಡುತ್ತಾರೆ ಎಂದುಕೊಂಡಿದ್ದೆ. ಮಾಡಲಿಲ್ಲ. ಟಾಕಿಯ ನೆರಳಿನಲ್ಲಿ ಕಾಲು ಚಾಚಿ ಕೂತು ಪ್ಯಾನಲ್ಲುಗಳನ್ನು ನೋಡಿದರು. ಮರುದಿನವೂ ಬಂದು ಕೂತರು. ಮೂರನೆಯ ದಿನ ನನ್ನ ತಾಳ್ಮೆ ಮುಗಿಯಿತು.

"ಏನ್ರೀ ಅಣ್ಣಾ, ಮೂರ್ ದಿನಾ ಆತು, ಬರೇ ಕುಂತು ನೋಡಾಕತ್ತೀರಿ. ಕೆಲಸ ಯಾವಾಗ ಶುರು ಮಾಡ್ತೀರಿ?"

"ಇದೇ ಕೆಲಸ ಮಾರಾಯ್ರೆ. ಯಾವುದು ಎಲ್ಲಿಂದ ಒಳಗೆ ಹೋಗ್ತದೆ ಅಂತ ನೋಡದೆ ಮುಚ್ಚಿದ್ರೆ ಒಳಗಿದ್ದದ್ದು ಒಳಗೇ ಸಾಯ್ತದೆ."

ಕಿಸೆಯಿಂದ ಸೀಮೆಸುಣ್ಣ ತೆಗೆದು ಪ್ಯಾನಲ್ಲಿನ ಅಲ್ಯುಮಿನಿಯಂ ಅಂಚಿನ ಮೇಲೆ ಗುರುತು ಹಾಕುತ್ತಾ ಹೋದರು. ಖಾಲಿ ಗೂಡಿನ ಮೇಲೆ ಒಂದು ಗೆರೆ, ಮೊಟ್ಟೆಯೋ ಮರಿಯೋ ಇದ್ದಲ್ಲಿ ಒಂದು ದುಂಡು. ಗೆರೆ ಇದ್ದದ್ದನ್ನು ತೆಗೆಯಬಹುದು, ದುಂಡು ಇದ್ದದ್ದನ್ನು ಮುಟ್ಟುವ ಹಾಗಿಲ್ಲ, ಮರಿ ಹಾರಿ ಹೋಗುವ ತನಕ ಕಾಯಬೇಕು. ಇದು ಅವರ ಕಾನೂನು. ನಮ್ಮ ತಾರಸಿಯಲ್ಲಿ ಹನ್ನೊಂದು ದುಂಡುಗಳಿದ್ದವು.

ಇದೇ ಕಾನೂನಿಗಾಗಿ ಅವರು ರಬಾಳೆಯ ಒಂದು ಫ್ಯಾಕ್ಟರಿಯ ಕೆಲಸ ಬಿಟ್ಟು ಬಂದಿದ್ದರು. ಅಲ್ಲಿಯ ಮ್ಯಾನೇಜರ್ ಕಾಯುವುದೆಲ್ಲ ಬೇಡ, ಅಂಟು ಬಳಿದು ಬಿಡು, ಕಾಲು ಸಿಕ್ಕಿಕೊಂಡ ನಾಲ್ಕನ್ನು ನೋಡಿದರೆ ಉಳಿದವು ಬರುವುದಿಲ್ಲ ಎಂದನಂತೆ. "ಹಕ್ಕಿ ಕಾಲು ಕಿತ್ತುಕೊಳ್ಳುದು ನೋಡ್ಲಿಕ್ಕೆ ನಾನು ಲೋಕಲ್ ಹಿಡ್ಕೊಂಡು ಬರುದಿಲ್ಲ ಅಂತ ಹೇಳಿ ಬಂದೆ" ಎಂದು ನನ್ನ ಹೆಂಡತಿ ಕೊಟ್ಟ ಚಹಾ ಊದುತ್ತಾ ಹೇಳಿದರು. ಸಾಧು ಮನುಷ್ಯ ಎಂದು ತಿಳಿಯಬೇಡಿ. ಜಗಳಗಂಟರೇ. ತಂತಿ ಕತ್ತರಿಸುವಾಗ ಯಾರಾದರೂ ಹತ್ತಿರ ನಿಂತು ಸಲಹೆ ಕೊಟ್ಟರೆ ಕೆಲಸ ನಿಲ್ಲಿಸಿ, ಕತ್ತರಿಯನ್ನು ಅವರ ಕೈಗೇ ಕೊಡುತ್ತಿದ್ದರು. ನನ್ನ ಕೈಗೆ ಎರಡು ಸಲ ಕೊಟ್ಟಿದ್ದಾರೆ.

ಐದನೆಯ ಮಹಡಿಯ ಅಜ್ಜಿಯೊಬ್ಬರು ತೀರಿಹೋದ ಗಂಡನ ನೆನಪಿಗೆಂದು ದಿನಾ ತಾರಸಿಗೆ ಬಂದು ಜೋಳ ಚೆಲ್ಲುತ್ತಿದ್ದರು. ನಾನು ಎರಡು ಸಲ ನೋಟೀಸು ಕೊಟ್ಟಿದ್ದೆ, ಅವರು ಎರಡನ್ನೂ ಮಡಚಿ ಜೋಳದ ಡಬ್ಬಿಯ ಕೆಳಗೆ ಹಾಸಿದ್ದರು. ಅಣ್ಣ ಮಾತ್ರ ಒಂದು ಸಂಜೆ ಆ ಅಜ್ಜಿಯನ್ನು ರಿಕ್ಷಾದಲ್ಲಿ ಕೂರಿಸಿ ಕೆರೆಯ ದಂಡೆಗೆ ಕರೆದುಕೊಂಡು ಹೋದರು. ಅಲ್ಲಿ ಜೋಳ ಚೆಲ್ಲಿಸಿ, ಹಕ್ಕಿ ಇಲ್ಲಿಯೂ ಉಂಟು ಆಜಿ, ಗಾಳಿಯೂ ಉಂಟು, ಮಾತಾಡಲಿಕ್ಕೆ ನಿಮ್ಮ ಪ್ರಾಯದವರೂ ಉಂಟು ಎಂದು ತಮ್ಮ ಹರಕು ಮರಾಠಿಯಲ್ಲಿ ಹೇಳಿದರಂತೆ. ಅಜ್ಜಿ ಮತ್ತೆ ತಾರಸಿಗೆ ಬರಲಿಲ್ಲ. ನನ್ನ ನೋಟೀಸುಗಳ ಬಗ್ಗೆ ನನಗಿದ್ದ ಅಭಿಮಾನಕ್ಕೆ ಅಂದು ಸ್ವಲ್ಪ ಪೆಟ್ಟಾಯಿತು. ಸ್ವಲ್ಪ ಅಷ್ಟೇ. ಇನ್ನೂ ಹೆಚ್ಚು ಆಗಬೇಕಿತ್ತು.

ಅವರ ಎರಡನೆಯ ಕಾನೂನು ನೀರಿನದು. ತಳಕ್ಕೆ ತೂತು ಹೊಡೆದ ಒಂದು ಎಣ್ಣೆ ಡಬ್ಬ ಸದಾ ಅವರ ಚೀಲದಲ್ಲಿರುತ್ತಿತ್ತು. ಗೂಡು ಕೀಳುವ ಮೊದಲು, ಹಿಕ್ಕೆ ಕೆರೆಯುವ ಮೊದಲು ಅದರಿಂದ ನೀರು ಸುರಿದು ಎಲ್ಲ ನೆನೆಯುವ ತನಕ ಕಾಯುತ್ತಿದ್ದರು. ಆಮೇಲೆ ಕೆಸರಿನ ಹಾಗೆ ಬಾಚಿ ಚೀಲಕ್ಕೆ ತುಂಬುವುದು. ಪೊರಕೆಯನ್ನು ಒಣ ಹಿಕ್ಕೆಗೆ ತಾಗಿಸುತ್ತಲೇ ಇರಲಿಲ್ಲ.

"ಒಣಗಿದ್ದು ಎದ್ದರೆ ಎದೆಗೆ ಹೋಗ್ತದೆ. ಕಲ್ಯಾಣದಲ್ಲಿ ನಮ್ಮದೇ ಕೆಲಸ ಮಾಡ್ತಿದ್ದ ಒಬ್ಬ ಇದ್ದ. ನೀರು ತರ್ಲಿಕ್ಕೆ ಉದಾಸೀನ ಅವನಿಗೆ. ಕೊನೆಗೆ ನಾಲ್ಕು ಮೆಟ್ಟಿಲು ಹತ್ತಿದ್ರೆ ಕೂತ್ಕೊಳ್ಳುವವ. ಕೆಮ್ಮಿ ಕೆಮ್ಮಿಯೇ ಹೋದ" ಎಂದು ಅವರು ಹೇಳಿದ್ದು ನನ್ನ ಎದುರಿಗೆ, ನಮ್ಮ ಮನೆಯ ಹಜಾರದಲ್ಲಿ. ಅಂದರೆ ಅವರಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಇದನ್ನು ಸ್ಪಷ್ಟವಾಗಿ ಬರೆದಿಡುತ್ತೇನೆ.

ದುಂಡು ಗುರುತಿನ ಗೂಡುಗಳಿಗಾಗಿ ಮೊದಲು ಹದಿನೈದು ದಿನ ಕಾದೆವು. ಮರಿಗಳು ಒಂದೊಂದೇ ಹಾರಿದವು, ಅವರು ಒಂದೊಂದೇ ದುಂಡನ್ನು ಅಳಿಸಿ ಗೆರೆ ಎಳೆದರು. ಮತ್ತೆ ಹತ್ತು ದಿನ ಕೇಳಿದರು. ಸೊಸೈಟಿಯ ಜನ ನನ್ನನ್ನು ಲಿಫ್ಟಿನಲ್ಲಿ ನಿಲ್ಲಿಸಿ ಕೇಳತೊಡಗಿದರು, ಇದೇನು ಪಾರಿವಾಳದ ಹೆರಿಗೆ ಆಸ್ಪತ್ರೆಯೇ ಎಂದು. ನಾನು ಮುಖ ಗಂಟಿಕ್ಕಿಕೊಂಡೇ ಒಪ್ಪಿದೆ. ನಿಜ ಹೇಳಬೇಕೆಂದರೆ ಒಪ್ಪಿದ್ದಕ್ಕೆ ನನಗೆ ನನ್ನ ಮೇಲೆಯೇ ಮೆಚ್ಚುಗೆಯೂ ಆಗಿತ್ತು. ಹೀಗೆ ಕಾಯುತ್ತಾ ಕಾಯುತ್ತಾ ಮೇ ತಿಂಗಳ ಮೂರನೆಯ ವಾರ ಬಂತು, ಅದರ ಜೊತೆಗೆ ನೀರಿನ ಕಡಿತವೂ ಬಂತು.

ದಿನಕ್ಕೆ ಒಂದೇ ಗಂಟೆ ನೀರು. ನಾನು ತುರ್ತು ನೋಟೀಸು ಹಚ್ಚಿದೆ. ಕಾರು ತೊಳೆಯುವಂತಿಲ್ಲ, ಹೂಕುಂಡಕ್ಕೆ ಹಾಕುವಂತಿಲ್ಲ, ತಾರಸಿಯ ನಳ ಬಂದ್, ಯಾರಿಗೂ ಯಾವ ಕಾರಣಕ್ಕೂ ವಿನಾಯಿತಿ ಇಲ್ಲ. ಕೆಳಗೆ ಸಹಿ, ಸೊಸೈಟಿಯ ಶಿಕ್ಕಾ. ತಾರಸಿಯ ನಳಕ್ಕೆ ನಾನೇ ಬೀಗ ಹಾಕಿ ಕೀಲಿಯನ್ನು ಕಿಸೆಯಲ್ಲಿಟ್ಟುಕೊಂಡೆ. ಮೂರನೆಯ ಮಹಡಿಯ ಗೃಹಸ್ಥನೊಬ್ಬ ತುಳಸಿ ಗಿಡಕ್ಕೆ ಒಂದು ತಂಬಿಗೆ ಕೇಳಿದಾಗ ಅವನನ್ನು ಮೆಟ್ಟಿಲ ಮೇಲೆ ಎಲ್ಲರೆದುರು ಗದರಿಸಿದ್ದೆ. ಅವನು, ನೋಡೋಣ ಸೆಕ್ರೆಟರಿ ಸಾಹೇಬರೇ, ನೀವೂ ಇದೇ ನೋಟೀಸಿನ ಕೆಳಗೆ ಬರುತ್ತೀರಿ ಎಂದು ಹೇಳಿ ಹೋಗಿದ್ದ.

ತಪಾಸಣೆಯ ಹಿಂದಿನ ದಿನ ಬೆಳಿಗ್ಗೆ ಅಣ್ಣ ಬಂದರು. ಕೊನೆಯ ಸಾಲಿನ ಒಂದು ಗೂಡು ಬಿಟ್ಟು ಎಲ್ಲ ಖಾಲಿಯಾಗಿತ್ತು. ಡಬ್ಬ ಹಿಡಿದು ನಳದ ಹತ್ತಿರ ಹೋದವರು ಬೀಗ ನೋಡಿ ಕೆಳಗಿಳಿದು ನಮ್ಮ ಮನೆಗೆ ಬಂದರು.

"ನಾಲ್ಕು ಬಕೆಟ್ ಸಾಕು. ಅದ್ರಲ್ಲೇ ಸುಧಾರಿಸ್ತೇನೆ."

"ನಾಲ್ಕ್ ಬಕೀಟ ಅಲ್ರೀ, ನಾಲ್ಕ್ ಚರಿಗಿ ಕೊಟ್ಟರೂ ನಾಳೆ ನನ್ನ ಮಾರಿ ಮ್ಯಾಲೆ ಉಗುಳ್ತಾರ ಮಂದಿ. ನಾನ ಸಹಿ ಮಾಡಿ ಹಚ್ಚೇನಿ ಆ ನೋಟೀಸ."

"ಹಾಗಾದ್ರೆ ನೀರು ಬರುವ ತನಕ ನಿಲ್ಲುವ. ಎರಡು ದಿನ."

"ನಾಳೆ ಇಂಜಿನಿಯರ್ ಬರ್ತಾನ್ರೀ! ನಿಮ್ಮ ಪಾರಿವಾಳದ ಸಲುವಾಗಿ ತಿಂಗಳಗಟ್ಟಲೆ ಕಾದೇನಿ. ಅವಾಗಿಂದವಾಗ ಮುಚ್ಚಿದ್ದರ ಇಷ್ಟೊತ್ತಿಗೆ ಎಲ್ಲಾ ಮುಗೀತಿತ್ತು. ಹಂಗ ಕೆರದ ಬಿಡ್ರಿ ಇವತ್ತೊಂದ್ ದಿನಾ. ಮೂಗಿಗೆ ಅರಿವಿ ಕಟ್ಕೊಳ್ರಿ."

ಅವರು ಡಬ್ಬವನ್ನು ಕೆಳಗಿಟ್ಟರು. ಕತ್ತರಿಯನ್ನು ನನ್ನ ಕೈಗೆ ಕೊಡುತ್ತಾರೆ ಎಂದುಕೊಂಡೆ. ಕೊಟ್ಟಿದ್ದರೆ ಎಷ್ಟು ಚೆನ್ನಾಗಿತ್ತು. "ಆಯ್ತು" ಎಂದರು. "ನನ್ನ ಮಾತಿಗೆ ನೀವು ಕಾದಿರಿ. ಬೇರೆ ಯಾರೂ ಕಾಯುದಿಲ್ಲ. ನಿಮ್ಮ ಮಾತಿಗೆ ನಾನು ಮಾಡ್ತೇನೆ."

ಹೆಗಲ ಮೇಲಿನ ಬೈರಾಸು ಟವೆಲ್ಲನ್ನು ಮೂಗು ಬಾಯಿಗೆ ಸುತ್ತಿಕೊಂಡು ಮೇಲೆ ಹೋದರು. ಪ್ಯಾನಲ್ಲುಗಳ ಕೆಳಗೆ ಹೊಟ್ಟೆಯ ಮೇಲೆ ತೆವಳಿ ಒಣ ಹಿಕ್ಕೆಯನ್ನು ಕೆರೆದು ಗುಡಿಸತೊಡಗಿದರು. ಎರಡು ವರ್ಷದ ಹಿಕ್ಕೆ, ಸುಣ್ಣದ ಹಾಗೆ ಪುಡಿಯಾಗಿ ಎದ್ದಿತು. ನಾನು ತಾರಸಿಯ ಬಾಗಿಲಿನಲ್ಲಿ ನಿಂತು ಎರಡು ನಿಮಿಷ ನೋಡಿದೆ. ಧೂಳು ಮೆಟ್ಟಿಲ ಕಡೆ ಬರುತ್ತಿತ್ತು. ಮನೆಗಳಿಗೆ ಬಂದರೆ ಮತ್ತೆ ದೂರು ಬರುತ್ತದೆ ಎಂದು ಬಾಗಿಲು ಎಳೆದುಕೊಂಡು ಕೆಳಗಿಳಿದೆ.

ನಮ್ಮ ಮನೆಯ ಬಚ್ಚಲಿನಲ್ಲಿ ಅಂದು ಎರಡು ಡ್ರಮ್ ತುಂಬ ನೀರು ತುಂಬಿಟ್ಟಿದ್ದೆವು. ಅದು ನನ್ನದೇ ನೀರು, ಅದನ್ನು ಕೊಡಲು ಯಾವ ನೋಟೀಸಿನ ಅಡ್ಡಿಯೂ ಇರಲಿಲ್ಲ. ಆದರೆ ನನ್ನ ಮನೆಯಿಂದ ತಾರಸಿಗೆ ಬಕೆಟ್ ಹೋಗುವುದನ್ನು ಮೂರನೆಯ ಮಹಡಿಯವನು ಕಂಡರೆ ಏನೆಂದಾನು? ಆ ನೀರು ನನಗೆ ಹೊಳೆಯಲೇ ಇಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಹೊಳೆದಿತ್ತು.

ಮಧ್ಯಾಹ್ನ ಚಹಾ ಕೊಡಲು ಹೋದ ನನ್ನ ಹೆಂಡತಿ ತಿರುಗಿ ಬಂದವಳೇ ನನ್ನ ಮೇಲೆ ಹರಿಹಾಯ್ದಳು. "ಮನಿಶಾ ಇದ್ದೀರೋ ಏನಿದ್ದೀರಿ? ಅವರ ಮೈಯೆಲ್ಲಾ ಬೂದಿ ಬಡದಂಗ ಆಗೇತಿ. ಉಸಿರು ಹಿಡಕೊಂಡು ಕೆಮ್ಮಾಕತ್ತಾರ." ಡ್ರಮ್ಮಿನಿಂದ ಒಂದು ಬಕೆಟ್ ಮೊಗೆದು ತಾನೇ ಹೊತ್ತುಕೊಂಡು ಹೋದಳು. ಅಷ್ಟು ಹೊತ್ತಿಗೆ ಕೆಲಸ ಮುಗಿದಿತ್ತು. ಅವರು ಆ ನೀರಿನಲ್ಲಿ ಮುಖ ತೊಳೆದುಕೊಂಡು, ಉಳಿದದ್ದನ್ನು ಮೂರನೆಯ ಮಹಡಿಯ ತುಳಸಿಗೆ ಹಾಕಿ ಹೋದರು ಎಂದು ಆಮೇಲೆ ಗೊತ್ತಾಯಿತು.

ಇಂಜಿನಿಯರ್ ಮರುದಿನ ಬರಲಿಲ್ಲ. ಫೋನ್ ಮಾಡಿದರೆ, ಜೂನ್ ಎರಡನೇ ವಾರ ನೋಡೋಣ ಎಂದ. ನೀರು ಮೂರನೆಯ ದಿನಕ್ಕೇ ಮಾಮೂಲಾಯಿತು.

ಕೊನೆಯ ಗೂಡಿನ ಎರಡು ಮರಿಗಳು ಹಾರಿದ ಮೇಲೆ ಅವರು ಮತ್ತೆ ಬಂದು ಜಾಳಿಯ ಕಡೆಯ ತುಂಡು ಕೂಡಿಸಿ ಹೋದರು. ಆಗಲೇ ಮಾತಿನ ನಡುವೆ ಕೆಮ್ಮು ಬರುತ್ತಿತ್ತು. ಮಳೆಗಾಲದ್ದು ಎಂದರು. ನಾನು ನಂಬಿದೆ, ನಂಬುವುದು ಅನುಕೂಲವಾಗಿತ್ತು.

ಮುಂದಿನ ವರ್ಷ ಠಾಣೆ ಸ್ಟೇಷನ್ನಿನಲ್ಲಿ ಸಿಕ್ಕರು. ಕಲ್ಯಾಣದ ಗಾಡಿ ಬಂದು ನಿಂತಿತು, ಜನ ಇಳಿದರು, ಹತ್ತಿದರು, ಅವರು ಬೆಂಚಿನಿಂದ ಏಳಲಿಲ್ಲ. ಯಾಕ್ರೀ ಎಂದೆ. "ಮುಂದಿನದು ಖಾಲಿ ಉಂಟಂತೆ" ಎಂದರು. ಸಂಜೆ ಆರೂವರೆಗೆ ಠಾಣೆಯಿಂದ ಕಲ್ಯಾಣಕ್ಕೆ ಖಾಲಿ ಗಾಡಿ ಬರುವುದುಂಟೇ! ಅವರ ಜೊತೆ ಕೂತು ಮೂರು ಗಾಡಿ ಬಿಟ್ಟೆ. ನಾಲ್ಕನೆಯದಕ್ಕೆ ಅವರ ತೋಳು ಹಿಡಿದು ಹತ್ತಿಸಿದೆ. ತೋಳು ಎಷ್ಟು ತೆಳ್ಳಗಾಗಿತ್ತೆಂದರೆ ನನ್ನ ಹೆಬ್ಬೆರಳು ಬೆರಳಿಗೆ ತಾಗಿತು.

ಕೆಲಸ ನಿಂತಿತು. ಎದೆಯ ಡಾಕ್ಟರು ಶ್ವಾಸಕೋಶ ಗಟ್ಟಿಯಾಗಿದೆ, ಹಕ್ಕಿಯ ಹಿಕ್ಕೆಯ ಧೂಳಿನಿಂದ ಹೀಗಾಗುತ್ತದೆ, ಹಿಂದಕ್ಕೆ ಬರುವುದಿಲ್ಲ ಎಂದರಂತೆ. ನಾನು ಕಲ್ಯಾಣಕ್ಕೆ ಹೋದೆ. ಹಳೆಯ ಚಾಳಿನ ಎರಡು ಕೋಣೆ, ಮಂಚದ ಪಕ್ಕದಲ್ಲಿ ಆಕ್ಸಿಜನ್ ಸಿಲಿಂಡರು. ಮೂಗಿಗೆ ನಳಿಕೆ ಹಾಕಿಕೊಂಡೇ, "ನಿಮ್ಮ ಬಿಲ್ಡಿಂಗಿನ ಜಾಳಿ ಗಟ್ಟಿ ಉಂಟಲ್ವಾ? ಮೂಲೆಯ ಕ್ಲಿಪ್ಪು ಒಂದು ನೋಡ್ಬೇಕು" ಎಂದರು. ನನಗೆ ತಡೆಯಲಾಗಲಿಲ್ಲ.

"ಅಣ್ಣಾ, ಅವತ್ತ ನಾನು ನೀರ ಕೊಡಲಿಲ್ಲ..."

ಅವರು ಕೈ ಎತ್ತಿ ತಡೆದು, ಹೆಂಡತಿ ಇದ್ದ ಅಡುಗೆಮನೆಯ ಕಡೆ ನೋಡಿದರು. ದನಿ ಇಳಿಸಿ, "ಬಿಡಿ ಮಾರಾಯ್ರೆ. ಎಷ್ಟು ವರ್ಷದ ಕೆಲಸ ಇದು. ಒಂದು ದಿವಸದ್ದು ಯಾಕೆ ಹಿಡ್ಕೊಳ್ಳುದು" ಎಂದರು. ಅಷ್ಟು ಹೇಳುವುದರಲ್ಲಿ ಮೂರು ಸಲ ಉಸಿರು ತೆಗೆದುಕೊಂಡರು. ಇರಬಹುದು. ಎಷ್ಟೋ ವರ್ಷದ್ದು ಒಳಗೆ ಕೂತಿದ್ದಿರಬಹುದು, ಆ ಒಂದು ದಿನ ಲೆಕ್ಕಕ್ಕೇ ಇಲ್ಲದಿರಬಹುದು. ಯಾವ ಡಾಕ್ಟರೂ ಇದಕ್ಕೆ ನನಗೆ ಉತ್ತರ ಕೊಡಲಾರ. ನನಗೆ ಗೊತ್ತಿರುವುದು ಇಷ್ಟೇ, ಅದಕ್ಕಿಂತ ಮೊದಲು ಅವರು ಕೆಮ್ಮಿದ್ದನ್ನು ನಾನು ಕೇಳಿರಲಿಲ್ಲ.

ಹದಿಮೂರನೆಯ ದಿನ ಕಳೆದ ಮೇಲೆ ಮತ್ತೆ ಕಲ್ಯಾಣಕ್ಕೆ ಹೋದೆ. ಎಲ್ಲ ಒಪ್ಪಿಕೊಂಡು ಬರಬೇಕೆಂದೇ ಹೊರಟಿದ್ದೆ. ರೈಲಿನಲ್ಲಿ ಮಾತುಗಳನ್ನು ಜೋಡಿಸಿಕೊಂಡಿದ್ದೆ. ನೆಂಟರೆಲ್ಲ ಹೋಗಿಯಾಗಿತ್ತು. ಅವರ ಹೆಂಡತಿ ಒಬ್ಬರೇ ಕೂತು ಅಕ್ಕಿ ಆರಿಸುತ್ತಿದ್ದರು. ನಾನು ಅವರನ್ನು ಅತ್ತಿಗೆ ಎಂಬ ಸಲುಗೆಯಲ್ಲಿ ವೈನಿ ಎನ್ನುತ್ತಿದ್ದೆ. ನೀರು ಕೊಟ್ಟರು, ಕುಡಿದೆ. ನಾನು ಬಾಯಿ ತೆರೆಯುವ ಮೊದಲೇ ಅವರು ಮಾತು ತೆಗೆದರು.

"ನಿಮ್ಮ ಹತ್ರ ಒಂದು ಕೇಳ್ಬೇಕಂತ ಇದ್ದೆ. ಆ ಡಾಕ್ಟರು ಇವರ ಹತ್ರ, ಒಣದು ಗುಡಿಸಿದ್ದುಂಟಾ ಅಂತ ಕೇಳಿದ್ರು. ಒಂದು ಸರ್ತಿಯೂ ಇಲ್ಲ ಅಂದ್ರು ಇವರು. ಆದ್ರೆ ಒಂದು ದಿವಸ, ಮೇ ತಿಂಗಳಲ್ಲಿ, ಇವರ ಅಂಗಿ ಒಗೀಲಿಕ್ಕೆ ತೆಗೆದ್ರೆ ಬಿಳೀ ಧೂಳು ಎದ್ದಿತ್ತು. ಎಂತ ಇದು ಕೇಳಿದ್ರೆ, ದಾರಿಯದ್ದು ಅಂದ್ರು. ಮೂವತ್ತು ವರ್ಷದಲ್ಲಿ ನನ್ನ ಹತ್ರ ಅವರು ಒಂದು ಸುಳ್ಳು ಹೇಳ್ಲಿಲ್ಲ. ನನಗೆ ಅದೇ ಕೊರೀತಾ ಉಂಟು. ಆಗ ನಿಮ್ಮಲ್ಲಿಯೇ ಕೆಲಸ ಇದ್ದದ್ದು. ನೀರು ಹಾಕಿಯೇ ಮಾಡಿದ್ದಲ್ವಾ?"

ಅಕ್ಕಿಯ ಮೊರ ಅವರ ಮಡಿಲಲ್ಲಿ ಹಾಗೇ ಇತ್ತು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ಹೌದ್ರೀ ವೈನಿ" ಎಂದೆ. "ನೀರ ಹಾಕೇ ಮಾಡ್ಯಾರ."

"ಹಾಗಾದ್ರೆ ಅವರು ಸುಳ್ಳು ಹೇಳ್ಲಿಲ್ಲ" ಎಂದರು. ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತರು. ನಾನು ಎದ್ದು ಬರುವ ತನಕವೂ ಅಳುತ್ತಿದ್ದರು, ನಡುನಡುವೆ ನನಗೆ ಕೈಮುಗಿಯುತ್ತಿದ್ದರು.